ಮೂವತ್ತು ರೂಪಾಯಿ ಬಾಡಿಗೆಯ ಮನೆ

ಶೂಜಿತ್ ಸರ್ಕಾರ್ ನಿರ್ದೇಶನದ 'ಗುಲಾಬೊ ಸಿತಾಬೊ' 2020ರ ಜೂನ್ 12ರಂದು ಚಿತ್ರಮಂದಿರ ಕಾಣದೆ ನೇರ ಅಮೆಜಾನ್ ಪ್ರೈಮ್‌ಗೆ ಬಂತು. ಆಗ ಎಲ್ಲರೂ ಮಾತಾಡಿದ್ದು ಅಮಿತಾಭ್ ಬಚ್ಚನ್ನರ ಅಂಟಿಸಿದ ಮೂಗಿನ ಬಗ್ಗೆ, ಲಖನೌದ ಗಲ್ಲಿಗಳ ಬಗ್ಗೆ, ಕಥೆಯ ನಿಧಾನಗತಿಯ ಬಗ್ಗೆ. ಅದು ಬಾಡಿಗೆಯ ಕುರಿತಾದ ಸಿನಿಮಾ ಎಂಬುದು ಮಾತ್ರ ಯಾಕೋ ಬದಿಗೆ ಸರಿಯಿತು. ಅದಕ್ಕೆ ಎರಡೂವರೆ ತಿಂಗಳ ಹಿಂದಷ್ಟೇ, ಮಾರ್ಚ್ 29ರಂದು, ಕಾರ್ಮಿಕರಿಂದ ಒಂದು ತಿಂಗಳ ಬಾಡಿಗೆ ಕೇಳಬಾರದೆಂದು ಕೇಂದ್ರ ಗೃಹ ಸಚಿವಾಲಯ ಆದೇಶ ಹೊರಡಿಸಿತ್ತು. ಇಡೀ ದೇಶ ಬಾಡಿಗೆಯ ಲೆಕ್ಕದಲ್ಲಿ ಮುಳುಗಿದ್ದಾಗ ಬಂದ ಚಿತ್ರವನ್ನು ನಾವು ಮೂಗು ನೋಡಿ ಮುಗಿಸಿದೆವು.

ಫಾತಿಮಾ ಮಹಲ್ ಎಂಬ ಶಿಥಿಲ ಹವೇಲಿಗೆ ಒಡತಿ ಬೇಗಂ. ಯಜಮಾನಿಕೆ ನಡೆಸುವವನು ಅವಳಿಗಿಂತ ಬಹಳ ಚಿಕ್ಕವನಾದ ಗಂಡ ಮಿರ್ಜಾ. ಹಿಟ್ಟಿನ ಗಿರಣಿ ನಡೆಸುವ ಬಾಂಕೆ (ಆಯುಷ್ಮಾನ್ ಖುರಾನಾ) ತಾಯಿ ಮತ್ತು ಮೂವರು ತಂಗಿಯರೊಂದಿಗೆ ಅಲ್ಲಿ ಬಾಡಿಗೆಗಿದ್ದಾನೆ. ಬಾಡಿಗೆ ತಿಂಗಳಿಗೆ 30 ರೂಪಾಯಿ, ಅದನ್ನೂ ಕೊಡುವುದಿಲ್ಲ. ಕೇಳಿದರೆ ತಾನು ಬಡವ ಎನ್ನುತ್ತಾನೆ. ಮಿರ್ಜಾ ಬಲ್ಬು ಕದ್ದು ಮಾರುತ್ತಾನೆ, ಶೌಚಾಲಯಕ್ಕೆ ಬೀಗ ಹಾಕುತ್ತಾನೆ, ಬಾಂಕೆ ಸಿಟ್ಟಿನಿಂದ ಅದರ ಗೋಡೆಗೇ ಒದೆಯುತ್ತಾನೆ.

ಜೂಹಿ ಚತುರ್ವೇದಿಯವರ ಬರವಣಿಗೆ ಗೆಲ್ಲುವುದು ಇಲ್ಲೇ. ಬಾಂಕೆಗೆ ನಿಜಕ್ಕೂ ಕೈಯಲ್ಲಾಗುತ್ತಿಲ್ಲವೋ, ನಾಟಕವೋ? ಗಿರಣಿ ಇದೆ, 30 ರೂಪಾಯಿ ಇಲ್ಲದೆ ಏನು! ಆದರೆ ತಂಗಿಯರ ಓದು ಇದೆ, ಮದುವೆಗೆ ಒತ್ತಾಯಿಸುವ ಗೆಳತಿ ಇದ್ದಾಳೆ. ಎರಡೂ ನಿಜ. ಮನೆ ಬಾಡಿಗೆಗೆ ಕೊಟ್ಟ ಪ್ರತಿಯೊಬ್ಬನೂ ಒಂದಲ್ಲ ಒಂದು ದಿನ ಎದುರಿಸುವ ಪ್ರಶ್ನೆ ಇದು. ಪುಣೆಯಲ್ಲಿ ನನ್ನದೂ ಒಂದು ಬೆಡ್‌ರೂಮಿನ ಫ್ಲ್ಯಾಟ್ ಬಾಡಿಗೆಗಿದೆ. ಸಂಬಳ ಅರ್ಧವಾಯಿತು ಎಂದು ಬಾಡಿಗೆದಾರ ಅದೇ ಜೂನ್‌ನಲ್ಲಿ ಫೋನ್ ಮಾಡಿದಾಗ ನಾನು ಸಂಬಳದ ಸ್ಲಿಪ್ ಕೇಳಲಿಲ್ಲ. ಮೂರು ತಿಂಗಳು ಅರ್ಧ ಬಾಡಿಗೆ, ಉಳಿದದ್ದು ಮುಂದಿನ ಹನ್ನೊಂದು ತಿಂಗಳಿಗೆ ಹಂಚಿಕೆ ಎಂದು ವಾಟ್ಸಾಪಿನಲ್ಲೇ ಬರೆದುಕೊಂಡೆವು. ನನ್ನ ಇಎಂಐಗೆ ಯಾರೂ ರಿಯಾಯಿತಿ ಕೊಟ್ಟಿರಲಿಲ್ಲ, ಬ್ಯಾಂಕಿನ ಕಂತು ಮುಂದೂಡಿದರೂ ಬಡ್ಡಿ ಓಡುತ್ತಲೇ ಇತ್ತು. ಮಿರ್ಜಾ-ಬಾಂಕೆಯರ ನಡುವೆ ಇಂಥ ಮಾತುಕತೆ ಸಾಧ್ಯವೇ ಇಲ್ಲ, ಯಾಕೆಂದರೆ 30 ರೂಪಾಯಿಯಲ್ಲಿ ಬಿಟ್ಟುಕೊಡುವುದಕ್ಕೆ ಏನೂ ಉಳಿದಿಲ್ಲ.

ಚಿತ್ರದ ದೊಡ್ಡ ಕೊರತೆಯೂ ಇದೇ. ಬಾಡಿಗೆ 30 ರೂಪಾಯಿಗೆ ಯಾಕೆ ನಿಂತಿತು ಎಂದು ಅದು ಕೇಳುವುದಿಲ್ಲ, ನಗೆಗೆ ಬಳಸಿಕೊಂಡು ಮುಂದೆ ಹೋಗುತ್ತದೆ. ಮುಂಬೈಯ ಹಳೆ ಚಾಳುಗಳನ್ನು ಕಂಡವರಿಗೆ ಉತ್ತರ ಗೊತ್ತು. 1947ರ ಬಾಂಬೆ ಬಾಡಿಗೆ ಕಾಯ್ದೆ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತ್ತು. ಯುದ್ಧಕಾಲದ ಬಾಡಿಗೆಯಲ್ಲಿ ಸುಣ್ಣ ಬಳಿಸುವುದೂ ಕಷ್ಟ. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣದ ಹೆಸರು ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರ್ಕಾರ. ಹೆಸರಿನಲ್ಲಿ ಮಲ್ಪೆ ಕಂಡು ಕರಾವಳಿಯವರಿಗೆ ಕಿವಿ ನೆಟ್ಟಗಾಗಬಹುದು. ಹೀಗೆ ಕಟ್ಟಿಹಾಕಿದ್ದು ಕಾಲಾಂತರದಲ್ಲಿ ಅಸಮಂಜಸವಾಗಿದೆ ಎಂದು 1997ರ ಡಿಸೆಂಬರಿನಲ್ಲಿ ಕೋರ್ಟು ಹೇಳಿತು. ಆಮೇಲೆ ಬಂದ 1999ರ ಕಾಯ್ದೆ ಹಳೆ ಬಾಡಿಗೆಗಳಿಗೆ ವರ್ಷಕ್ಕೆ ಶೇ. 4ರ ಏರಿಕೆ ಕೊಟ್ಟಿದೆ. ನೂರು ರೂಪಾಯಿಗೆ ನಾಲ್ಕು!

ಸಯೀದ್ ಅಖ್ತರ್ ಮಿರ್ಜಾರ 'ಮೋಹನ್ ಜೋಶಿ ಹಾಜಿರ್ ಹೋ!' (1984) ಈ ಗಂಟಿನ ಇನ್ನೊಂದು ತುದಿ ಹಿಡಿಯುತ್ತದೆ. ಚಾಳು ರಿಪೇರಿ ಮಾಡಿಸಿ ಎಂದು ಕೋರ್ಟಿಗೆ ಹೋಗುವ ಮುದುಕ ಜೋಶಿಯಾಗಿ ಲೇಖಕ ಭೀಷ್ಮ ಸಾಹನಿ, ಮಾಲೀಕನಾಗಿ ಅಮ್ಜದ್ ಖಾನ್. ನ್ಯಾಯಾಧೀಶರ ಭೇಟಿಗೆಂದು ಆಧಾರದ ಕಂಬ ನಿಲ್ಲಿಸಿ ಕಟ್ಟಡ ಗಟ್ಟಿಯಿದೆ ಎಂದು ತೋರಿಸುತ್ತಾರೆ. ಜೋಶಿ ಅವನ್ನು ಎಳೆದು ಕೆಡವುತ್ತಾನೆ, ಮೇಲೆ ಕಟ್ಟಡ ಬೀಳುತ್ತದೆ. ಬಾಡಿಗೆ ಎಂದರೆ ದುರಸ್ತಿಯ ಹಣವೂ ಹೌದು ಎಂಬುದು ಈ ಚಿತ್ರಕ್ಕೆ ಗೊತ್ತು, ಅದಕ್ಕೇ ಎರಡರಲ್ಲಿ ಇದನ್ನೇ ನಾನು ಮೇಲೆ ಇಡುತ್ತೇನೆ. ಆದರೆ ಖಳನಾಗಿ ಬಿಲ್ಡರ್ ಸಿಕ್ಕಿಬಿಟ್ಟರೆ ಲೆಕ್ಕ ಸುಲಭ. ಹತ್ತು ವರ್ಷ ತಾನೇ ಬಾಡಿಗೆಗಿದ್ದು, ಸಾಲ ಮಾಡಿ ಫ್ಲ್ಯಾಟ್ ಕೊಂಡು, ಈಗ ಮತ್ತೊಬ್ಬರಿಗೆ ಬಾಡಿಗೆ ಹೇಳುವಾಗ ತಡವರಿಸುವ ನಮ್ಮಂಥ ವಲಸಿಗ ಮಾಲೀಕ ಈ ಎರಡು ಚಿತ್ರಗಳಲ್ಲೂ ಇಲ್ಲ.

'ಗುಲಾಬೊ ಸಿತಾಬೊ'ದ ಕೊನೆ ಬಹಳ ಹೊಗಳಿಸಿಕೊಂಡಿದೆ. ಮಿರ್ಜಾ 250 ರೂಪಾಯಿಗೆ ಮಾರಿದ ಕುರ್ಚಿ ಮುಂಬೈಯ ಪುರಾತನ ವಸ್ತುಗಳ ಅಂಗಡಿಯಲ್ಲಿ 1.35 ಲಕ್ಷಕ್ಕೆ ನಿಂತಿದೆ. ಬಲ್ಬಿನ ಬೆಲೆ ಬಲ್ಲವನಿಗೆ ಮನೆಯ ಬೆಲೆ ಗೊತ್ತಿರಲಿಲ್ಲ ಎಂಬ ವ್ಯಂಗ್ಯ ಚೆನ್ನಾಗಿದೆ. ನನಗೆ ಮಾತ್ರ ಕ್ಯಾಮೆರಾ ಕುರ್ಚಿಯ ಹಿಂದೆ ಹೋದದ್ದು ಸರಿಬರಲಿಲ್ಲ. ಹವೇಲಿ ಕೈತಪ್ಪಿದ ಮೇಲೆ ಬಾಂಕೆ, ತಾಯಿ, ಮೂವರು ತಂಗಿಯರು ಲಖನೌದಲ್ಲಿ ಎಷ್ಟು ಬಾಡಿಗೆಯ ಮನೆ ಹಿಡಿದರು, ಡಿಪಾಸಿಟ್ ಎಲ್ಲಿಂದ ತಂದರು ಎಂದು ಚಿತ್ರ ಹೇಳುವುದೇ ಇಲ್ಲ.