ಎರೆನಾಡಿನಲ್ಲಿ ಹವ್ಯಾಸಿ ಕುಂಚ

ಜಲವರ್ಣ ಕಲಿಸುವ ಪುಸ್ತಕಗಳಲ್ಲಿ ಬಹುಪಾಲು ತಂಪು ಹವೆಯ ನಾಡುಗಳಲ್ಲಿ ಹುಟ್ಟಿದವಾದ್ದರಿಂದ, ಅವು ಹೇಳಿಕೊಡುವ ‘ಹಸಿಯ ಮೇಲೆ ಹಸಿ’ ವಿಧಾನ, ಎಂದರೆ ಕಾಗದವನ್ನು ಮೊದಲು ನೀರಿನಿಂದ ತೋಯಿಸಿ ಒಂದು ಬಣ್ಣ ಆರುವ ಮುನ್ನವೇ ಇನ್ನೊಂದನ್ನು ಅದರೊಳಗೆ ಹರಿಯಬಿಡುವ ಕ್ರಮ, ರಾಯಚೂರು ಜಿಲ್ಲೆಯ ತುರ್ವಿಹಾಳದ ಬೇಸಿಗೆಯಲ್ಲಿ ಬರೆದಂತೆ ನಡೆಯುವುದಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಎರಡನೆಯ ಬಣ್ಣಕ್ಕೆ ಕುಂಚ ಅದ್ದುವಷ್ಟರಲ್ಲಿ ಮೊದಲನೆಯದು ಆರಿ, ಅಂಚುಗಟ್ಟಿ, ಕಲೆಯಾಗಿ ನಿಲ್ಲುತ್ತದೆ. ಒಬ್ಬನೇ ಕುಳಿತು ಅಭ್ಯಾಸ ಮಾಡುವ ಹವ್ಯಾಸಿಯು ಇದನ್ನು ತನ್ನ ಕೈಯ ದೋಷವೆಂದು ತಿಳಿದು ಕುಂಚ ಕೆಳಗಿಡುವ ಸಂಭವವೇ ಹೆಚ್ಚು. ಅದೇ ಕೆಲಸವನ್ನು ಬೆಳಗಿನ ಆರು ಗಂಟೆಗೆ ಮಾಡಿ ನೋಡಿದ, ಅಥವಾ ನೀರಿಗೆ ಒಂದೆರಡು ಹನಿ ಗ್ಲಿಸರಿನ್ ಬೆರೆಸಿ ಬಣ್ಣ ಆರುವುದನ್ನು ತಡೆದು ನೋಡಿದ ಇನ್ನೊಬ್ಬನು ಪಕ್ಕದಲ್ಲಿದ್ದರೆ, ದೋಷ ಕೈಯದಲ್ಲ, ಹವೆಯದು ಎಂಬುದು ಆ ಕ್ಷಣದಲ್ಲೇ ತಿಳಿಯುತ್ತದೆ. ಹೀಗಾಗಿ ಹವ್ಯಾಸಿ ಚಿತ್ರಕಾರರ ನಡುವಣ ಒಡನಾಟವು ಸ್ನೇಹದ ಮಾತಾಗುವುದಕ್ಕೆ ಮೊದಲು ಕಸುಬಿನ ಮಾತಾಗಿರುತ್ತದೆ.

ಇಂಥ ಊರುಗಳಲ್ಲಿ ಹವ್ಯಾಸಿಗೆ ಮೊದಲ ದೀಕ್ಷೆ ದೊರೆಯುವುದು ಸಾಮಾನ್ಯವಾಗಿ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರಿಂದ, ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳ ಮೂಲಕ. ವಸ್ತುಚಿತ್ರ, ನಿಸರ್ಗಚಿತ್ರ, ನಕ್ಷೆಗಳ ಅಭ್ಯಾಸದಿಂದ ಗೆರೆಗೆ ಹಿಡಿತ ಬರುವುದು ನಿಜವಾದರೂ, ಪೋಸ್ಟರ್ ಬಣ್ಣವನ್ನು ಅಂಚು ಮೀರದಂತೆ ಸಮನಾಗಿ ತುಂಬುವುದೇ ಚಿತ್ರಕಲೆಯೆಂಬ ನಂಬಿಕೆಯೂ ಅದರ ಜೊತೆಗೇ ಬೇರೂರುತ್ತದೆ. ಹೊಸ ವಿಧಾನಕ್ಕೆ ಕೈಹಾಕಿದಾಗ ಪಳಗಿದವನೂ ಹೊಸಬನೂ ಒಂದೇ ಮಟ್ಟಕ್ಕೆ ಇಳಿಯುತ್ತಾರೆ. ಹತ್ತು ವರ್ಷ ಪೋಸ್ಟರ್ ಬಣ್ಣ ಬಳಸಿದವನ ಜಲವರ್ಣವು ನಿನ್ನೆ ಆರಂಭಿಸಿದವನದಕ್ಕಿಂತ ಕೆಟ್ಟಿರುವುದೂ ಉಂಟು, ಏಕೆಂದರೆ ಬಿಳಿಯನ್ನು ಕೊನೆಯಲ್ಲಿ ಹಚ್ಚುವ ಅವನ ರೂಢಿಯು ಬಿಳಿಯನ್ನು ಕಾಗದದಲ್ಲೇ ಉಳಿಸಿಕೊಳ್ಳಬೇಕಾದ ಜಲವರ್ಣಕ್ಕೆ ನೇರ ವಿರುದ್ಧವಾದದ್ದು. ಇಂಥ ಹೊತ್ತಿನಲ್ಲಿ ‘ಛಲೋ ಬಂದಾದ’ ಎಂಬ ಹೊಗಳಿಕೆಯಿಂದ ಆಗುವ ಉಪಕಾರ ಅತ್ಯಲ್ಪ. ನೀರು ಎಷ್ಟಿತ್ತು, ಕಾಗದ ಯಾವುದು, ಎಷ್ಟು ಹೊತ್ತು ಕಾದದ್ದು ಎಂಬ ಮೂರು ಪ್ರಶ್ನೆಗಳು ಅದಕ್ಕಿಂತ ದೊಡ್ಡ ಪ್ರೋತ್ಸಾಹ.

ಪರಕೀಯ ವಿಧಾನವೊಂದು ಒಡನಾಟದಿಂದ ಹೇಗೆ ಕೈಯಿಂದ ಕೈಗೆ ದಾಟುತ್ತದೆ ಎಂಬುದಕ್ಕೆ ಭಾರತೀಯ ಕಲೆಯ ಇತಿಹಾಸದಲ್ಲೇ ಒಂದು ಸ್ಪಷ್ಟ ನಿದರ್ಶನವಿದೆ. ಜಪಾನಿನ ಚಿತ್ರಕಾರರಾದ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೊ 1903ರಲ್ಲಿ ಕಲ್ಕತ್ತೆಗೆ ಬಂದಾಗ, ತೈಕಾನ್ ನೀರಿನ ಕುಂಚವನ್ನು ಚಿತ್ರದ ಮೇಲೆ ಆಡಿಸುವುದನ್ನು ಕಂಡ ಅವನೀಂದ್ರನಾಥ ಠಾಕೂರರು ಒಂದು ಹೆಜ್ಜೆ ಮುಂದೆ ಹೋಗಿ ಇಡೀ ಕಾಗದವನ್ನೇ ನೀರಿನಲ್ಲಿ ಮುಳುಗಿಸಿದರು; ಬಣ್ಣ ಹಚ್ಚಿ, ಮುಳುಗಿಸಿ, ಒಣಗಿಸಿ, ಮತ್ತೆ ಹಚ್ಚುವ ಈ ಕ್ರಮವೇ ‘ವಾಶ್’ ಎಂದು ಹೆಸರಾಯಿತು. ನೋಡಿದ್ದನ್ನು ಹಾಗೆಯೇ ನಕಲು ಮಾಡಿದ್ದರೆ ಈ ವಿಧಾನ ಹುಟ್ಟುತ್ತಿರಲಿಲ್ಲ. ಅವನೀಂದ್ರನಾಥರಲ್ಲಿ ಕಲಿತ ಮೈಸೂರಿನ ಕೆ. ವೆಂಕಟಪ್ಪನವರು (1886–1965) ಗುರುವಿನ ವಾಶ್‌ನಲ್ಲೇ ನಿಂತುಬಿಡದೆ, ಮುಂದೆ ಊಟಿ, ಕೊಡೈಕನಾಲ್‌ಗಳ ನಿಸರ್ಗವನ್ನು ತಿಳಿಯಾದ ಜಲವರ್ಣದಲ್ಲಿ ಬರೆದರು, ಪ್ಲಾಸ್ಟರ್‌ನ ಉಬ್ಬುಶಿಲ್ಪಕ್ಕೂ ಕೈಹಾಕಿದರು. ವೀಣೆ ಶೇಷಣ್ಣನವರ ಬಳಿ ಅವರು ವೀಣಾಭ್ಯಾಸ ಮಾಡಿದ್ದನ್ನು ನೆನೆದರೆ, ವೃತ್ತಿಯಲ್ಲಿ ಹೆಸರು ಮಾಡಿದವನಿಗೂ ಎಲ್ಲಿಯಾದರೊಂದು ಕಡೆ ಹವ್ಯಾಸಿಯಾಗಿರುವ ಹಸಿವು ಇರುತ್ತದೆ ಎಂದು ತೋರುತ್ತದೆ.

ತುರ್ವಿಹಾಳದ ಹವ್ಯಾಸಿಗೆ ದುಬಾರಿ ಟ್ಯೂಬುಗಳಿಗಿಂತ ಒಳ್ಳೆಯ ಪ್ರಯೋಗಶಾಲೆ ಸುತ್ತಲಿನ ನೆಲದಲ್ಲೇ ಇದೆ, ಆದರೆ ಆ ನೆಲ ಸುಲಭಕ್ಕೆ ಒಲಿಯುವಂಥದ್ದಲ್ಲ. ಎರೆಮಣ್ಣಿನ ಜೇಡಿಯು ನೀರು ಕುಡಿದಾಗ ಉಬ್ಬಿ, ಆರಿದಾಗ ಕುಗ್ಗುವ ಜಾತಿಯದಾದ್ದರಿಂದ, ಅದನ್ನು ದಪ್ಪಗೆ ಹಚ್ಚಿದ ಚಿತ್ರ ಬೇಸಿಗೆಯ ಹೊಲದಂತೆ ಬಿರುಕು ಬಿಡುತ್ತದೆ. ಮಣ್ಣನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕೆ ಇಳಿದ ಮೇಲೆ ಮೇಲಿನ ಬಗ್ಗಡವನ್ನಷ್ಟೇ ಬಸಿದುಕೊಂಡು, ಅದು ತಂಗಿದ ನಂತರ ಉಳಿಯುವ ನುಣುಪು ಮಣ್ಣನ್ನು ಒಣಗಿಸಿ ಅರೆದು, ತೆಳುವಾಗಿ ಪದರ ಪದರವಾಗಿ ಹಚ್ಚಿದರೆ ಮಾತ್ರ ಆ ಬೂದುಗಪ್ಪು ಕಾಗದದ ಮೇಲೆ ನಿಲ್ಲುತ್ತದೆ. ಕೆಮ್ಮಣ್ಣು ಇಷ್ಟು ಹಟಮಾರಿಯಲ್ಲ. ಅದರ ಕೆಂಪು ಕಬ್ಬಿಣದ ಆಕ್ಸೈಡಿನಿಂದ ಬಂದದ್ದಾದ್ದರಿಂದ ಬಿಸಿಲಿಗೆ ಮಾಸುವುದೂ ಇಲ್ಲ. ಎರಡಕ್ಕೂ ಬೇಕಾದ ಬಂಧಕ, ಎಂದರೆ ಬಣ್ಣದ ಪುಡಿಯನ್ನು ಕಾಗದಕ್ಕೆ ಹಿಡಿದಿಡುವ ದ್ರವ್ಯ, ಜಾಲಿಯ ಅಂಟು. ಅಂಟಿನುಂಡಿಗೆಂದು ಕಿರಾಣಿ ಅಂಗಡಿಯಲ್ಲಿ ಸಿಗುವುದೂ ಆದೀತು, ಆದರೆ ಅದು ನೀರಿನಲ್ಲಿ ಪೂರ್ತಿ ಕರಗುವಂಥದ್ದಾಗಿರಬೇಕು. ಕರಗದೆ ಲೋಳೆಯಂತೆ ಉಬ್ಬುವ ಅಂಟು ಚಿತ್ರಕ್ಕೆ ಬಾರದು. ಅಂಟು ಕಡಿಮೆಯಾದರೆ ಬಣ್ಣ ಬೆರಳಿಗೆ ಬರುತ್ತದೆ, ಹೆಚ್ಚಾದರೆ ಮಿರುಗಿ ಸಿಡಿಯುತ್ತದೆ. ಒಂದೊಂದು ಹೊಲದ ಮಣ್ಣಿಗೂ ಈ ಹದ ಬೇರೆ ಬೇರೆಯಾಗಿರುವುದರಿಂದ, ನಾಲ್ವರು ನಾಲ್ಕು ಅಳತೆಗಳಲ್ಲಿ ಬೆರೆಸಿ ಒಂದೇ ಹಾಳೆಯ ಮೇಲೆ ಪಟ್ಟಿಗಳನ್ನೆಳೆದು ಹೋಲಿಸುವುದು ಒಬ್ಬನೇ ವಾರಗಟ್ಟಲೆ ಹೆಣಗುವುದಕ್ಕಿಂತ ಲೇಸು.

ಈ ಸೀಮೆಗೆ ಇಂಥ ಪ್ರಯೋಗ ಹೊಸದೂ ಅಲ್ಲ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಉತ್ಖನನ ನಡೆಸಿದ ಎಫ್. ಆರ್. ಆಲ್ಚಿನ್ 1960ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿರುವ ಬಂಡೆಚಿತ್ರಗಳಲ್ಲಿ ಬಣ್ಣದಿಂದ ಬರೆದವೂ ಇವೆ, ಕಲ್ಲಿನಿಂದ ಜಜ್ಜಿ ಮೂಡಿಸಿದವೂ ಇವೆ. ಬಂಡೆಯ ಕಪ್ಪಾದ ಮೇಲ್ಪದರವನ್ನು ಕುಟ್ಟಿ ತೆಗೆದು ಒಳಗಿನ ತಿಳಿಬಣ್ಣವನ್ನು ತೋರಿಸುವುದು ಈ ಎರಡನೆಯ ವಿಧಾನ. ಡುಬ್ಬದ ಎತ್ತುಗಳನ್ನು ಅಲ್ಲಿ ಬರೆದವರು ವೃತ್ತಿಯ ಚಿತ್ರಕಾರರಿಗಿಂತ ದನಗಾಹಿಗಳೇ ಆಗಿದ್ದಿರಬಹುದೆಂದು ಊಹಿಸುವುದು ಅತಿಯಾಗಲಾರದು.

ನೆಲದ ಬಣ್ಣ ಕೈಗೆ ಹತ್ತಿದ ಮೇಲೆ ಪ್ರಯತ್ನಿಸಬಹುದಾದ, ಇನ್ನೂ ಕಠಿಣವಾದ ವಿಧಾನವೊಂದು ಕಿನ್ನಾಳದ್ದು. 1997ರವರೆಗೆ ರಾಯಚೂರು ಜಿಲ್ಲೆಯ ಭಾಗವೇ ಆಗಿದ್ದ ಕೊಪ್ಪಳದ ಆ ಊರಿನ ಚಿತ್ರಗಾರರು ಮರದ ಬೊಂಬೆಗಳ ಆಭರಣಗಳನ್ನು ಬೆಣಚುಕಲ್ಲಿನ ಪುಡಿ ಮತ್ತು ಅಂಟಿನ ಸರಿಯಿಂದ ಉಬ್ಬಾಗಿ ಎತ್ತಿ, ‘ಲಾಜವಾರ’ವೆಂಬ ತವರ ಮತ್ತು ಅಂಟಿನ ಲೇಪವನ್ನು ಹಚ್ಚಿ, ತಿಕ್ಕಿ ಹೊಳಪು ತರಿಸುತ್ತಾರೆ. ತಲೆಮಾರುಗಳ ಕಸುಬನ್ನು ಭಾನುವಾರದ ಬಿಡುವಿನಲ್ಲಿ ವಶಪಡಿಸಿಕೊಳ್ಳುವೆನೆಂಬ ಹಮ್ಮು ಹವ್ಯಾಸಿಗೆ ತಕ್ಕದ್ದಲ್ಲ, ಲೇಪದ ಗುಟ್ಟನ್ನು ಅವರಿಂದಲೇ ಕೇಳಿ ತಿಳಿಯುವುದು ಮೇಲು. ಉಬ್ಬು ಎತ್ತುವ ಅರ್ಧ ಭಾಗವನ್ನಾದರೂ ಮನೆಯಲ್ಲೇ ಮಾಡಿನೋಡಬಹುದು. ಅದಕ್ಕೆ ಕಾಗದ ಒಗ್ಗದು, ಏಕೆಂದರೆ ಹಾಳೆ ಬಾಗಿದೊಡನೆ ಉಬ್ಬು ಸಿಡಿದು ಉದುರುತ್ತದೆ. ಬಡಗಿಯ ಬಳಿ ಉಳಿದ ಪ್ಲೈವುಡ್ ತುಂಡನ್ನು ಉಜ್ಜಿ ನಯಮಾಡಿ, ಹುಣಸೆ ಬೀಜದ ಸರಿಯನ್ನು ತೆಳುವಾಗಿ ಬಳಿದು ಒಣಗಿಸಿಕೊಂಡರೆ ಆರಂಭಕ್ಕೆ ಅಷ್ಟು ಸಾಕು.