ಲಾಹೋರಿನ ಮಾಯಿ ಮತ್ತು ಅಸ್ಗರ್ ವಜಾಹತ್

1990ರಲ್ಲಿ ದೆಹಲಿಯ ಶ್ರೀರಾಮ್ ಸೆಂಟರ್ ರೆಪರ್ಟರಿಯ ನಟರನ್ನು ಕಟ್ಟಿಕೊಂಡು ಹಬೀಬ್ ತನ್ವೀರ್ ಒಂದು ಹೊಸ ನಾಟಕ ಆಡಿಸಿದರು. ‘ಜಿಸ್ ಲಾಹೋರ್ ನಈ ದೇಖ್ಯಾ ಓ ಜಮ್ಯಾಇ ನಈ’. ಲಾಹೋರ್ ನೋಡದವನು ಹುಟ್ಟೇ ಇಲ್ಲ ಅನ್ನೋ ಪಂಜಾಬಿ ಮಾತೇ ಅದರ ಹೆಸರು. ಬರೆದವರು ಅಸ್ಗರ್ ವಜಾಹತ್. ಫತೇಪುರದವರು, ಅಲಿಗಢದಲ್ಲಿ ಓದಿದವರು, ಜಾಮಿಯಾ ಮಿಲಿಯಾದಲ್ಲಿ ಹಿಂದಿ ಪಾಠ ಮಾಡುತ್ತಿದ್ದವರು. ‘ಸಾತ್ ಆಸ್ಮಾನ್’ನಂಥ ದೊಡ್ಡ ಕಾದಂಬರಿ ಬರೆದಿದ್ದರೂ ಜನ ಅವರನ್ನು ಗುರುತಿಸೋದು ಈ ನಾಟಕದಿಂದಲೇ.

ಕತೆ ನಿಮಗೆ ಗೊತ್ತಿರಬಹುದು. ಲಖನೌದಿಂದ ಬಂದ ಸಿಕಂದರ್ ಮಿರ್ಜಾ ಕುಟುಂಬಕ್ಕೆ ಲಾಹೋರಿನಲ್ಲಿ 22 ಕೋಣೆಗಳ ಹವೇಲಿ ಸಿಗುತ್ತದೆ. ಒಳಗೆ ಹೋದರೆ ರತನ್ ಜೌಹರಿಯ ಮುದಿ ತಾಯಿ ಇನ್ನೂ ಅಲ್ಲೇ ಇದ್ದಾಳೆ, ಜಾಗ ಬಿಡಲ್ಲ ಅಂತಾಳೆ. ಅವಳನ್ನು ಹೇಗೆ ಹೊರಗೆ ಹಾಕೋದು ಅನ್ನೋದೇ ಮೊದಲು ಮಿರ್ಜಾ ಮನೆಯವರ ಚಿಂತೆ. ಆಮೇಲೆ ಅವಳಿಲ್ಲದೆ ಮನೆ ನಡೆಯಲ್ಲ ಅನ್ನೋ ಹಾಗಾಗುತ್ತದೆ.

ಇದನ್ನು ‘ಸೌಹಾರ್ದದ ನಾಟಕ’ ಅಂತ ಹೊಗಳಿ ಮುಗಿಸುವವರೇ ಹೆಚ್ಚು. ನನಗೆ ಅದರಲ್ಲಿ ಮೊದಲು ಕಾಣೋದು ಭಾಷೆ. ಮಾಯಿ ಆಡೋದು ಪಂಜಾಬಿ, ಹಮೀದಾ ಬೇಗಂ ಆಡೋದು ಲಖನೌದ ಉರ್ದು. ‘ಪಾಕಿಸ್ತಾನ ನಮ್ಮದು’ ಅಂದುಕೊಂಡು ಬಂದ ಮುಸಲ್ಮಾನ ಹೆಂಗಸಿಗೆ ಆ ಊರಲ್ಲಿ ಒಲೆಗೆ ಏನು ಉರಿಸಬೇಕು, ಸಾಮಾನು ಎಲ್ಲಿ ಸಿಗುತ್ತದೆ ಅಂತ ಹೇಳಿಕೊಡುವವಳು ಒಬ್ಬ ಹಿಂದೂ ಮುದುಕಿ. ಧರ್ಮ ಒಂದೇ ಆದರೂ ಊರು ಪರಕೀಯ, ಧರ್ಮ ಬೇರೆಯಾದರೂ ಊರು ಅವಳದ್ದೇ. ಮನೆಯಲ್ಲಿ ದಖನಿ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಈಗ ಮುಂಬೈನಲ್ಲೋ ದೆಹಲಿಯಲ್ಲೋ ಕೂತು ‘ನಿಮ್ಮ ಉರ್ದು ಸರಿಯಿಲ್ಲ’ ಅನ್ನಿಸಿಕೊಳ್ಳುವ ನಮ್ಮಂಥವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಬೀಬ್ ಸಾಹೇಬರ ಪಾಲು ಇಲ್ಲಿ ಎಷ್ಟು? 1954ರಲ್ಲಿ ಅವರು ‘ಆಗ್ರಾ ಬಾಜಾರ್’ ಮಾಡಿದ್ದು ಇದೇ ಜಾಮಿಯಾದ ವಿದ್ಯಾರ್ಥಿಗಳು, ಓಖ್ಲಾ ಹಳ್ಳಿಯ ಜನ ಎಲ್ಲರನ್ನೂ ಸೇರಿಸಿಕೊಂಡು. ಅದರಲ್ಲಿ ಕವಿ ನಜೀರ್ ಅಕ್ಬರಾಬಾದಿ ರಂಗದ ಮೇಲೆ ಬರುವುದೇ ಇಲ್ಲ, ಅವನ ಪದಗಳು ಮಾತ್ರ ಬೀದಿಯವರ ಬಾಯಲ್ಲಿ ಬರುತ್ತವೆ. ವಜಾಹತ್ ಇದಕ್ಕೆ ತದ್ವಿರುದ್ಧ ಮಾಡಿದರು. ಅಂಬಾಲಾದಿಂದ ಲಾಹೋರಿಗೆ ಹೋದ ನಾಸಿರ್ ಕಾಜ್ಮಿಯನ್ನೇ ಪಾತ್ರವಾಗಿ ತಂದು ಅಲೀಮುದ್ದೀನನ ಚಹಾದಂಗಡಿಯಲ್ಲಿ ಕೂರಿಸಿದರು. ಬೀದಿ, ಹಾಡು, ಅಂಗಡಿಕಟ್ಟೆಯ ಹರಟೆ ಇವೆಲ್ಲ ಹಬೀಬರಿಗೆ ಕರಗತ. ಹಾಗಾಗಿ ಆ ಪಠ್ಯ ಸರಿಯಾದ ಕೈಗೇ ಬಿತ್ತು. ಕಾದಂಬರಿಕಾರ ಒಬ್ಬನೇ ಕೂತು ಹತ್ತು ಪುಟದಲ್ಲಿ ಹೇಳಬೇಕಾದ ದುಃಖವನ್ನು ಇಲ್ಲಿ ದೃಶ್ಯಗಳ ನಡುವಿನ ಒಂದು ಗಜಲು ಹೊತ್ತುಕೊಳ್ಳುತ್ತದೆ. ನಾಟಕ ಬರೆಯುವವನಿಗೆ ಎಲ್ಲಿ ಸುಮ್ಮನಾಗಬೇಕು ಅಂತ ಗೊತ್ತಿರಬೇಕು, ಉಳಿದದ್ದು ನಟರದು, ಹಾಡುವವರದು. ವಜಾಹತ್‌ಗೆ ಇಲ್ಲಿ ಅದು ಗೊತ್ತಿತ್ತು.

ಎಲ್ಲ ಕಡೆ ಗೊತ್ತಿರಲಿಲ್ಲ ಅನ್ನೋದೂ ನಿಜ. ಯಾಕೂಬ್ ಪೈಲ್ವಾನ್ ಬರೀ ಖಳ. ದೀಪಾವಳಿಗೆ ಮಾಯಿ ದೀಪ ಹಚ್ಚಿದರೆ ಅವನಿಗೆ ಉರಿಯುತ್ತದೆ. ಯಾಕೆ ಉರಿಯುತ್ತದೆ, ಅವನು ಏನು ಕಳೆದುಕೊಂಡ ಅಂತ ನಾಟಕ ಕೇಳಲ್ಲ. ಮಾಯಿಯೂ ಸ್ವಲ್ಪ ಜಾಸ್ತಿನೇ ಒಳ್ಳೆಯವಳು. ಅವಳಿಗೆ ಸಿಟ್ಟು ಇನ್ನಷ್ಟು ಹೊತ್ತು ಇರಬೇಕಿತ್ತು. ಮಗನ ಮನೆಮಂದಿಯನ್ನೆಲ್ಲ ಕಳಕೊಂಡವಳು ಇಷ್ಟು ಬೇಗ ಎಲ್ಲರಿಗೂ ‘ಮಾಯಿ’ ಆಗುವುದು ಬರೆದವರಿಗೆ ಅನುಕೂಲ, ಅಷ್ಟೆ.

ಆದರೆ ಮೌಲ್ವಿಯ ವಿಷಯಕ್ಕೆ ಬಂದರೆ ನನ್ನ ತಕರಾರು ನಿಲ್ಲುತ್ತದೆ. ಮಾಯಿ ಸತ್ತಾಗ ಅವಳ ಅಂತ್ಯಕ್ರಿಯೆ ಅವಳ ಧರ್ಮದ ಪ್ರಕಾರವೇ ಆಗಬೇಕು ಅನ್ನುವವರು ಮೌಲಾನಾ. ಅವರು ಅದನ್ನು ಹೇಳೋದು ಉದಾರವಾದಿಯಾಗಿ ಅಲ್ಲ, ಆಲಿಮ್ ಆಗಿ, ದೀನ್ ಇದನ್ನೇ ಕೇಳುತ್ತದೆ ಅಂತ. ಅದಕ್ಕೇ ಅವರನ್ನು ಮಸೀದಿಯಲ್ಲೇ ಕೊಲ್ಲುತ್ತಾರೆ. ನಮ್ಮ ಸಿನಿಮಾ, ನಾಟಕಗಳಲ್ಲಿ ‘ಒಳ್ಳೆಯ ಮುಸ್ಲಿಂ’ ಅಂದರೆ ನಮಾಜು ಕಮ್ಮಿ ಮಾಡುವವನು. ಇಲ್ಲಿ ಗಡ್ಡ ಬಿಟ್ಟ, ಐದು ಹೊತ್ತಿನ ಮೌಲ್ವಿಯೇ ನೆರೆಯವಳ ಚಿತೆಯ ಪರವಾಗಿ ನಿಂತು ಜೀವ ಕೊಡುತ್ತಾನೆ. ಕರಾಚಿಯಲ್ಲಿ ಈ ನಾಟಕಕ್ಕೆ ಪೊಲೀಸರು ಅನುಮತಿ ಕೊಡದೆ, ಕೊನೆಗೆ ಅದು ಜರ್ಮನರ ಗೊಯ್ಟೆ ಸಂಸ್ಥೆಯ ಅಂಗಳ ಸೇರಬೇಕಾಯಿತು.

ಆಮೇಲೆ ವಜಾಹತ್ ‘ಗೋಡ್ಸೆ@ಗಾಂಧಿ.ಕಾಂ’ ಬರೆದರು, ಅದರಿಂದ 2023ರಲ್ಲಿ ಸಿನಿಮಾವೂ ಬಂತು. ತುಳಸೀದಾಸ, ಅಕ್ಬರ್ ಇರುವ ‘ಮಹಾಬಲಿ’ಗೆ ವ್ಯಾಸ ಸಮ್ಮಾನ್ ಸಿಕ್ಕಿತು. ಇವುಗಳಲ್ಲಿ ವಾದ ಗಟ್ಟಿಯಾಗಿದೆ. ಆದರೆ ಒಲೆ, ಇದ್ದಿಲು, ಚಹಾದಂಗಡಿಗಳಿಂದ ವಾದ ಹುಟ್ಟುವ ಆ ಲಾಹೋರಿನ ಹದ ನನಗೆ ಮತ್ತೆ ಸಿಗಲಿಲ್ಲ. ವಿದ್ಯಾರ್ಥಿಗಳು ಓದುವುದಾದರೆ ಮೊದಲು ಹಮೀದಾ ಮತ್ತು ಮಾಯಿಯ ದೃಶ್ಯಗಳನ್ನು ಇಬ್ಬರು ಕೂತು ಗಟ್ಟಿಯಾಗಿ ಓದಲಿ, ಒಬ್ಬರು ತಮ್ಮ ಮನೆಯ ದಖನಿಯಲ್ಲಿ, ಇನ್ನೊಬ್ಬರು ಕನ್ನಡದಲ್ಲಿ.