ತೂಕ ಮತ್ತು ಅದರ ನೆಲೆ

ರೇಸ್ ಕಾರುಗಳ ಅಭಿಮಾನಿಗಳು ವೇಗ, ಅಶ್ವಶಕ್ತಿಗಳ ಮಾತನ್ನು ಆಡುವಷ್ಟು ತೂಕದ ಮಾತನ್ನು ಆಡರು. ನನಗಾದರೋ ಈ ಕ್ರೀಡೆಯ ನಿಯಮಗಳಲ್ಲೆಲ್ಲ ಅತ್ಯಂತ ಮನನಯೋಗ್ಯವಾದುದು ತೂಕದ ನಿಯಮವೇ.

1934ರಲ್ಲಿ ಗ್ರಾನ್ ಪ್ರೀ ನಿಯಾಮಕರು ವೇಗವನ್ನು ತಗ್ಗಿಸುವ ಸದುದ್ದೇಶದಿಂದ, ಚಾಲಕ, ಇಂಧನ, ಟೈರುಗಳನ್ನು ಬಿಟ್ಟು ಕಾರು 750 ಕಿಲೋಗ್ರಾಂ ಮೀರಕೂಡದೆಂದು ಗರಿಷ್ಠ ಮಿತಿಯನ್ನು ವಿಧಿಸಿದ್ದರು. ಹಗುರವಾದ ಕಾರಿಗೆ ದೊಡ್ಡ ಎಂಜಿನು ಒಗ್ಗದೆಂಬ ಅವರ ತರ್ಕವನ್ನು ಜರ್ಮನ್ ತಂತ್ರಜ್ಞರು ಹುಸಿಗೊಳಿಸಿದರು. 1937ರ ಮರ್ಸಿಡಿಸ್ ಡಬ್ಲ್ಯು 125 ಅದೇ ಮಿತಿಯೊಳಗೆ 5.6 ಲೀಟರಿನ ಎಂಜಿನನ್ನು ಹೊತ್ತು ಓಡಿತು. ಮರುವರ್ಷವೇ ನಿಯಮ ತಲೆಕೆಳಗಾಗಿ, ಎಂಜಿನಿನ ಗಾತ್ರಕ್ಕೆ ಮೇಲಿನ ಮಿತಿಯೂ ತೂಕಕ್ಕೆ ಕೆಳಗಿನ ಮಿತಿಯೂ ಬಂದುವು. ಚಾಲಕನ ರಕ್ಷಣೆಯ ಲೋಹವನ್ನು ಸವೆಸಿ ವೇಗವನ್ನು ಗಳಿಸುವ ಆಸೆಗೆ ತೂಕದ ಈ ಕೆಳಮಿತಿ ಒಂದು ತಡೆ.

ಆದರೆ ಕಾರಿನ ಮಿತಿ ಸಾಲದೆಂದು ಮುಂದೆ ಎಂಜಿನಿಗೇ ಪ್ರತ್ಯೇಕವಾಗಿ ಕನಿಷ್ಠ ತೂಕ ಬಂದುದೇಕೆ? ಇಡೀ ಕಾರಿಗೆ ಮಿತಿಯಿರುವಾಗ, ಎಂಜಿನಿನಲ್ಲಿ ಉಳಿಸಿದ ಭಾರ ನಿಜವಾಗಿ ಉಳಿಯುವುದಿಲ್ಲ; ಅದು ಟಂಗ್‌ಸ್ಟನ್ ಹಲಗೆಗಳ ರೂಪದಲ್ಲಿ ಕಾರಿನ ಅಡಿಭಾಗಕ್ಕೆ ಇಳಿದು, ಗುರುತ್ವಕೇಂದ್ರವನ್ನು ತಗ್ಗಿಸಿ, ತಿರುವುಗಳಲ್ಲಿ ಟೈರುಗಳ ಹಿಡಿತವನ್ನು ಹೆಚ್ಚಿಸುತ್ತದೆ. ಹೀಗಾಗಿ ಒಂದೊಂದು ಗ್ರಾಂ ತಗ್ಗಿಸುವುದಕ್ಕೂ ಶ್ರೀಮಂತ ತಂಡಗಳು ದುಬಾರಿಯಾದ ಲೋಹಗಳಿಗೆ ಹಣ ಚೆಲ್ಲಬಹುದಿತ್ತು. 2006ರಲ್ಲಿ 2.4 ಲೀಟರಿನ ವಿ 8 ಎಂಜಿನುಗಳು ಬಂದಾಗ, ಫಾರ್ಮುಲಾ ಒನ್ನಿನ ಎಂಜಿನು 95 ಕಿಲೋಗ್ರಾಮಿಗಿಂತ ಕಡಿಮೆ ತೂಗಕೂಡದು, ಅದರ ಗುರುತ್ವಕೇಂದ್ರವು ಕಾರಿನ ಆಧಾರತಲದಿಂದ 165 ಮಿಲಿಮೀಟರಿಗಿಂತ ಕೆಳಗಿರಕೂಡದು ಎಂದು ವಿಧಿಸಲಾಯಿತು. ಈ ಎರಡನೆಯ ಷರತ್ತೇ ನಿಯಮದ ಜೀವಾಳವೆಂದು ನನ್ನ ಅಭಿಪ್ರಾಯ. ಅದಿಲ್ಲದಿದ್ದರೆ ಜಾಣರು ಮೇಲ್ಭಾಗವನ್ನು ತೆಳುವಾಗಿಸಿ, ಅಗತ್ಯವಾದ ಭಾರವನ್ನೆಲ್ಲ ಎಂಜಿನಿನ ತಳದಲ್ಲಿಯೇ ತುಂಬಿಬಿಡುತ್ತಿದ್ದರು. ಇದರಿಂದ ಶಿಲ್ಪಿಯ ಕೈ ಕಟ್ಟಿಹಾಕಿದಂತಾಯಿತೆಂದು ಆಕ್ಷೇಪಿಸುವವರುಂಟು. ಎಂಜಿನಿನ ಕಲೆಯು ದಹನದಲ್ಲಿ, ಉಸಿರಾಟದಲ್ಲಿ, ಬಾಳಿಕೆಯಲ್ಲಿ ಪ್ರಕಟವಾಗಬೇಕೇ ಹೊರತು ಹಣವಿದ್ದವರಿಗಷ್ಟೇ ದೊರೆಯುವ ಮಿಶ್ರಲೋಹದಲ್ಲಿ ಅಲ್ಲವೆಂದು ನಾನು ನಂಬಿದ್ದೇನೆ.

ಇದೇ ವಿವೇಕ 2019ರಲ್ಲಿ ಚಾಲಕನಿಗೂ ಸಂದಿತು. ಆಸನಸಹಿತ ಚಾಲಕನ ತೂಕ 80 ಕಿಲೋಗ್ರಾಂ ಮುಟ್ಟಬೇಕು, ಕೊರತೆಯನ್ನು ಆಸನದ ಬಳಿಯಲ್ಲೇ ತುಂಬಬೇಕು, ಬೇರೆಡೆಗೆ ಒಯ್ಯುವಂತಿಲ್ಲ ಎಂದು ಆಗ ವಿಧಿಸಲಾಯಿತು. ಅದಕ್ಕೂ ಮುಂಚೆ ಎತ್ತರದ ಚಾಲಕರು ಎಷ್ಟೋ ಋತುಗಳಲ್ಲಿ ಆಹಾರವನ್ನು ಬಿಟ್ಟು ದೇಹವನ್ನು ಬತ್ತಿಸಿಕೊಂಡು ಓಡಿಸಬೇಕಾಗಿ ಬಂದುದು ಈ ಕ್ರೀಡೆಗೆ ಶೋಭೆ ತರುವ ಸಂಗತಿಯಲ್ಲ. ಆ ನಿಯಮ ಇನ್ನೂ ಹತ್ತು ವರ್ಷ ಮೊದಲೇ ಬರಬೇಕಾಗಿತ್ತು.